ಎಣ್ಣೆ ಕಾಣದ ನಾಲ್ಕನೇ ನಟ್ಟು

"ಇನ್ನೂ ಎಷ್ಟೊತ್ತು, ಮಿಸ್ತ್ರಿ?"

ಮೋಟಾರಿನ ಕೆಳಗೆ ಗೋಣಿತಟ್ಟಿನ ಮೇಲೆ ಅಂಗಾತ ಬಿದ್ದಿದ್ದ ಅಲ್ಲಾಉದ್ದೀನನಿಗೆ ಮಾತಾಡಿದವರ ಮುಖ ಕಾಣಲಿಲ್ಲ. ಕಂಡದ್ದು ಎರಡು ಜೊತೆ ಕಾಲು. ಬಿಳಿ ಧೋತರದ ಅಂಚಿನ ಕೆಳಗಿನ ಕೊಲ್ಹಾಪುರಿ ಚಪ್ಪಲಿ ಗುರಲಿಂಗಪ್ಪ ಸಾವುಕಾರರದು. ಪಕ್ಕದಲ್ಲಿ ಹಿಮ್ಮಡಿ ಬಿರಿದ ಬರಿಗಾಲು ಅವರ ಡ್ರೈವರ್ ಪರಸಪ್ಪನದು. ಮುಂಜಾನೆಯಿಂದ ಆ ನಾಲ್ಕು ಕಾಲು ಕೊಟ್ಟಿಗೆ ಬಿಟ್ಟು ಕದಲಿರಲಿಲ್ಲ.

"ಕಬ್ಬಿಣ ಹೂಂ ಅಂದಾಗ್ರಿ, ಸಾವುಕಾರ್ರ. ನಟ್ಟು ಬೋಲ್ಟು ಕಚ್ಚಿ ಕುಂತಾವು. ಜೋರ ಮಾಡಿದ್ರ ಕುತ್ತಿಗಿ ಮುರೀತಾವು."

"ಸಂಜಿಯೊಳಗ ಗಾಡಿ ಓಡಬೇಕು. ಹೇಳೀನಿ ನಿನಗ."

"ಮೂರು ತಿಂಗಳ ನಿಂತ ಗಾಡಿರಿ. ಇನ್ನೊಂದು ದಿನ ನಿಂತ್ರ ಏನಾಗತೈತ್ರಿ?"

ಕೊಲ್ಹಾಪುರಿ ಚಪ್ಪಲಿಯೊಂದು ನೆಲವನ್ನು ಮೆಲ್ಲಗೆ ಕೆರೆಯಿತು.

ಬಬಲೇಶ್ವರದ ಸೂಲಗಿತ್ತಿ ಮಲಕವ್ವ ಯಾರದೋ ಹೆರಿಗೆಗೆಂದು ಹೋದವಳು ಕಾಣೆಯಾಗಿ ಇಂದಿಗೆ ಒಂಬತ್ತು ದಿನ. ಆ ಮುಸ್ಸಂಜೆ ಡೋಣಿ ಹೊಳೆಯ ಕಡೆ ಮೋಟಾರಿನ ಸಪ್ಪಳ ಕೇಳಿದ್ದಾಗಿ ಇಬ್ಬರು ಕುರಿಗಾರರು ಹೇಳಿದ್ದರು. ಸುತ್ತ ಹತ್ತು ಹಳ್ಳಿಗೆ ಇದ್ದದ್ದು ಟಿಕೋಟಾದ ಈ ವಾಡೆಯ ಮೋಟಾರು ಒಂದೇ. ಸಾವುಕಾರರು ಮಾತ್ರ ಒಂದೇ ಪಟ್ಟು ಹಿಡಿದಿದ್ದರು. ಹಿಂದಿನ ಪಾಟಾ ಮುರಿದು, ಪಂಚಮಿ ಹಬ್ಬದಿಂದ ಗಾಡಿ ಕೊಟ್ಟಿಗೆಯಲ್ಲೇ ನಿಂತಿದೆ.

ಪಾಟಾ ಎಂದರೆ ಒಂದರ ಮೇಲೊಂದು ಜೋಡಿಸಿದ ಏಳು ಉಕ್ಕಿನ ಪಟ್ಟಿ. ಗಾಡಿಯ ಭಾರವನ್ನೆಲ್ಲ ಹೊರುವುದು ಅದೇ. ಬಲಗಡೆಯ ಪಾಟಾ ಮುರಿದದ್ದು ಸುಳ್ಳಲ್ಲ. ಮೇಲಿನ ಎರಡು ಪಟ್ಟಿ ಇಬ್ಭಾಗವಾಗಿ ಬಾಯಿ ಬಿಟ್ಟಿದ್ದವು. ಮುರಿದದ್ದು ಯಾವಾಗ ಎಂಬುದೇ ಮಾತು.

ಆ ಮಾತನ್ನು ಅಲ್ಲಾಉದ್ದೀನನ ತಲೆಯಲ್ಲಿ ಬಿತ್ತಿದವನು ಪೊಲೀಸ್ ಫೌಜದಾರ ಅಮರಪ್ಪ. ನಿನ್ನೆ ಮಧ್ಯಾಹ್ನ ಪರಸಪ್ಪ ವಿಜಾಪುರಕ್ಕೆ ಬಂದು ಶಹಾಪೇಟೆಯ ಅವನ ಮನೆಯಲ್ಲಿ ಕೆಲಸ ಹೇಳಿ ಹೋಗಿದ್ದ. ಪರಸಪ್ಪ ಓಣಿ ದಾಟಿದ ಮೇಲೆ ಫೌಜದಾರನ ಕುದುರೆ ಬಂದು ಹಿತ್ತಿಲ ಬಾಗಿಲಲ್ಲಿ ನಿಂತಿತ್ತು. ಅಮರಪ್ಪ ಕೆಳಗಿಳಿಯದೆಯೇ ಮಾತಾಡಿದ್ದ.

"ಟಿಕೋಟಾಕ್ಕ ಹೊಂಟೀ ಅಂತಲ್ಲ? ಹೋಗು. ಮಲಕವ್ವ ಹೋದ ದಿನ ಆ ಗಾಡಿ ಹೊರಗ ಬಿದ್ದಿತ್ತೋ ಇಲ್ಲೋ, ಅಷ್ಟ ನೋಡಿಕೊಂಡು ಬಾ. ಬಿದ್ದಿತ್ತಂದ್ರ ಬರೇ ಬಾಯಿಮಾತು ಬ್ಯಾಡ. ಕೈಯಾಗ ಹಿಡಿಯೋವಂಥ ಪುರಾವೆ ಬೇಕು."

"ನೀವ ಹೋಗಿ ನೋಡಬಹುದಲ್ರಿ, ಸಾಹೇಬ್ರ?"

"ಅವನ ವಾಡೇದಾಗ ಕಾಲಿಡಾಕ ನನಗ ಮ್ಯಾಲಿನವರ ಹುಕುಂ ಬೇಕು. ನಿನಗ ನಟ್ಟು ಬಿಚ್ಚೋ ಒಂದು ಪಾನಾ ಸಾಕು."

ಅಲ್ಲಾಉದ್ದೀನನಿಗೆ ಇಷ್ಟು ಹೇಳಿಸಿಕೊಳ್ಳುವ ಅಗತ್ಯವೂ ಇರಲಿಲ್ಲ. ಲಡಾಯಿಯ ಕಾಲಕ್ಕೆ ಅವನು ಅಸ್ಸಾಮಿನಲ್ಲಿ ಪಲ್ಟನ್ನಿನ ಲಾರಿಗಳ ಕೆಳಗೆ ಬಿದ್ದುಕೊಂಡಿದ್ದಾಗ ಬಬಲೇಶ್ವರದ ತವರಿನಲ್ಲಿ ಹೆಂಡತಿ ಹಾಜಿರಾಬಿಗೆ ಎರಡನೇ ಹೆರಿಗೆ ಆಗಿತ್ತು. ಕೂಸು ಕಾಲು ಮುಂದಾಗಿ ಬಂದಿತ್ತು. ಎರಡು ದಿನ ಮಲಕವ್ವ ಆಕೆಯ ಮಗ್ಗುಲು ಬಿಟ್ಟು ಎದ್ದಿರಲಿಲ್ಲ. ಇವತ್ತು ತಾಯಿ ಮಗಳು ಇಬ್ಬರೂ ಉಸಿರಾಡುತ್ತಿದ್ದರೆ ಅದು ಆ ಮುದುಕಿಯ ಕೈಗುಣ. ಬೆಳಿಗ್ಗೆ ಹೊರಡುವಾಗ ಹಾಜಿರಾಬಿ ಬುತ್ತಿ ಕೊಟ್ಟು ಒಂದೇ ಮಾತು ಹೇಳಿದ್ದಳು. "ಆಕೀನ ಹುಡುಕಿಕೊಂಡು ಬರ್ರಿ. ಹೆಣ ಆಗಿದ್ರೂ ಅಡ್ಡಿಯಿಲ್ಲ, ಎಲ್ಲಿ ಬಿದ್ದಾಳ ಅನ್ನೂದರ ಗೊತ್ತಾಗಲಿ."

ಅವನು ಮುರಿದ ಪಟ್ಟಿಯ ಬಾಯಿಗೆ ಬೆರಳಿಟ್ಟು ನೋಡಿದ. ಮೂರು ತಿಂಗಳ ಮಳೆಗಾಲದ ಗಾಳಿ ತಾಗಿದ ಉಕ್ಕಾಗಿದ್ದರೆ ಮುರಿದ ಮೈಯೆಲ್ಲ ಕಂದಾಗಿರಬೇಕಿತ್ತು. ಇಲ್ಲಿ ಅಂಚಿಗಷ್ಟೇ ಕೆಂಪು ಹತ್ತಿತ್ತು. ಒಳಗೆ ಹರಳು ಹರಳಾದ ಬೂದು ಬಣ್ಣ ಇನ್ನೂ ಹೊಳೆಯುತ್ತಿತ್ತು.

ಒಂದು ಸುಳ್ಳು ಸಿಕ್ಕಿತು.

ತುಕ್ಕಿಗೂ ವಯಸ್ಸುಂಟು. ಎಡಗಾಲಿಯ ನಟ್ಟುಗಳ ಮೇಲಿನದು ಹಳೆಯದು, ಕಪ್ಪಗೆ ಗಟ್ಟಿಯಾಗಿ ಎಣ್ಣೆಜಿಡ್ಡಿನೊಂದಿಗೆ ಬೆರೆತು ಕುಳಿತದ್ದು. ಬಲಗಾಲಿಯ ನಟ್ಟುಗಳ ಮೇಲೆ ಆ ಹಳೆಯ ಕಪ್ಪಿನ ಮೇಲೊಂದು ಹೊಸ ಪದರ ಎದ್ದಿತ್ತು. ಕೇಸರಿ ಬಣ್ಣ. ಉಗುರು ತಾಗಿಸಿದರೆ ಪುಡಿಯಾಗಿ ಉದುರುತ್ತಿತ್ತು. ಒಂದೇ ಗಾಡಿ, ಒಂದೇ ಕೊಟ್ಟಿಗೆ. ಎಡಕ್ಕೊಂದು ಬಲಕ್ಕೊಂದು ಹವೆ ಬೀಸುವುದುಂಟೆ?

ಬಲಗಡೆಯ ಪಾಟಾವನ್ನು ಅಚ್ಚಿಗೆ ಬಿಗಿದ ನಟ್ಟು ನಾಲ್ಕು. ಅವನು ಬರುವ ಮೊದಲೇ ಪರಸಪ್ಪ ಅವುಗಳ ಮೇಲೆ ಚಿಮಣಿ ಎಣ್ಣೆ ಸುರಿದಿಟ್ಟಿದ್ದ. ಕಚ್ಚಿಕೊಂಡ ನಟ್ಟಿಗೆ ಅದು ಸರಿಯಾದ ಮದ್ದೇ. ಆದರೆ ಎಣ್ಣೆ ಮದ್ದೂ ಹೌದು, ತೊಳೆಯುವ ನೀರೂ ಹೌದು. ಮೂರು ನಟ್ಟು ತೊಳೆದಿಟ್ಟಂತೆ ಮಿರಮಿರ ಎನ್ನುತ್ತಿದ್ದವು. ನಾಲ್ಕನೆಯದು ಗಾಲಿಯ ಹಿಂದೆ ಕೆಸರಿನ ಹೆಂಟೆಯ ಅಡಿಯಲ್ಲಿ ಹುದುಗಿ ಎಣ್ಣೆಯಿಂದ ಪಾರಾಗಿತ್ತು.

ಅಲ್ಲಾಉದ್ದೀನ ಆ ಹೆಂಟೆಯನ್ನು ತಂತಿ ಬ್ರಶ್ಶಿನಿಂದ ಮೆಲ್ಲಗೆ ಬಿಡಿಸಿದ. ನಟ್ಟಿನ ಬುಡದ ಸಂದಿಯಲ್ಲಿ ಏನೋ ಬೆಳ್ಳಗೆ ಕೂತಿತ್ತು. ಬೆರಳ ತುದಿಗೆ ಹತ್ತಿಸಿಕೊಂಡು ನಾಲಿಗೆಗೆ ಮುಟ್ಟಿಸಿದ.

ಉಪ್ಪು. ಅದರ ಹಿಂದೆಯೇ ಕಹಿ.

ಈ ರುಚಿ ಯಾರಿಗೆ ಗೊತ್ತಿಲ್ಲ? ಡೋಣಿ ದಂಡೆಯ ಎರೆಮಣ್ಣು ಜೋಳಕ್ಕೆ ಬಂಗಾರ, ನೀರು ಮಾತ್ರ ಬಾಯಿಗಿಟ್ಟರೆ ಉಗುಳಬೇಕು. ವಾಡೆಯ ಬಾವಿಯ ನೀರನ್ನು ಅವನು ಬೆಳಿಗ್ಗೆಯಷ್ಟೇ ಕುಡಿದಿದ್ದ. ಸಿಹಿನೀರು. ಈ ಉಪ್ಪು ಬಾವಿಯಿಂದ ಬಂದದ್ದಲ್ಲ. ಈ ಗಾಡಿ ಮೊನ್ನೆ ಮೊನ್ನೆ ಡೋಣಿಯಲ್ಲಿ ಅಚ್ಚಿನವರೆಗೂ ಮುಳುಗಿ ನಿಂತಿತ್ತು. ಬಲಗಡೆಗೆ ವಾಲಿ ನಿಂತಿತ್ತು.

ಹೊರಗಿನ ಉಪ್ಪು ಒರೆಸಿದರೆ ಹೋಗುತ್ತದೆ. ನಟ್ಟಿನ ಒಳಗೆ, ಮರೆಯ ಸುತ್ತುಗಳಲ್ಲಿ ಕೂತದ್ದು ಹೋಗುವುದಿಲ್ಲ. ಕೈಯಲ್ಲಿ ಹಿಡಿಯುವಂಥ ಪುರಾವೆ ಅದೇ. ಆದರೆ ಅದನ್ನು ಎಣ್ಣೆ ತಾಗಿಸದೆ, ಬೆಂಕಿ ತಾಗಿಸದೆ, ಒಣಗಿದ್ದ ಹಾಗೆಯೇ ಬಿಚ್ಚಬೇಕು. ಅದೂ ಈ ನಾಲ್ಕು ಕಾಲುಗಳ ಎದುರಿಗೆ.

"ಚಾ ತಗೋರಿ."

ಹೆಣ್ಣುದನಿ. ಅಲ್ಲಾಉದ್ದೀನ ತೆವಳಿಕೊಂಡು ಹೊರಬಂದ. ಸಾವುಕಾರರ ಹೆಂಡತಿ ನೀಲಾಬಾಯಿ ತಾನೇ ತಾಟಿನಲ್ಲಿ ಕಪ್ಪು ಇಟ್ಟುಕೊಂಡು ಒಳಬಾಗಿಲಲ್ಲಿ ನಿಂತಿದ್ದಳು. ಅಷ್ಟು ದೊಡ್ಡ ಮನೆಯಲ್ಲಿ ಕೂಲಿಯವನಿಗೆ ಚಹ ತಂದುಕೊಡಲು ಒಬ್ಬ ಆಳೂ ಇರಲಿಲ್ಲವೆ? ಬೆಳಿಗ್ಗೆಯಿಂದ ಒಬ್ಬ ಆಳೂ ಕಣ್ಣಿಗೆ ಬಿದ್ದಿರಲಿಲ್ಲ ಎಂಬುದು ಅವನಿಗೆ ಆಗ ಹೊಳೆಯಿತು.

ಕಪ್ಪು ತೆಗೆದುಕೊಳ್ಳುವಾಗ ಆಕೆಯ ಕೈಯಿಂದ ಒಂದು ವಾಸನೆ ಬಂತು. ಬಜೆ ತೇಯ್ದ ವಾಸನೆ.

ಬಜೆಯನ್ನು ತೇಯುವುದು ಎಳೆಗೂಸಿಗೆ. ನೀಲಾಬಾಯಿಗೆ ಮದುವೆಯಾಗಿ ಹದಿನೆಂಟು ವರ್ಷ, ಈ ಮನೆಯಲ್ಲಿ ತೊಟ್ಟಿಲು ಕಟ್ಟಿರಲಿಲ್ಲ. ಊರಿಗೆಲ್ಲ ಗೊತ್ತಿದ್ದ ಸಂಗತಿ. ಬಜೆಯ ವಾಸನೆ ಸದಾ ಸುತ್ತಿಕೊಂಡಿದ್ದದ್ದು ಒಬ್ಬಳಿಗೆ, ಮಲಕವ್ವನಿಗೆ. ಆಕೆಯ ಸೆರಗಿಗೆ, ಆಕೆಯ ಔಷಧಿ ಗಂಟಿಗೆ. ಆ ಗಂಟು ಈ ಮನೆಯಲ್ಲಿದೆ, ಗಂಟಿನ ಒಡತಿ ಎಲ್ಲಿ?

ಅವನು ಕಪ್ಪನ್ನು ತುಟಿಯವರೆಗೆ ತಂದು ಹಾಗೇ ಹಿಡಿದ.

"ಯಾಕ, ಸಕ್ಕರಿ ಕಡಿಮಿ ಆತೇನು?" ಎಂದಳು ನೀಲಾಬಾಯಿ.

"ಇಲ್ರಿ ಬಾಯಾರ. ಬಿಸಿ ಐತ್ರಿ."

ಆಕೆ ಗಂಡನ ಕಡೆ ನೋಡಿದಳು. ಗಂಡ ಕಣ್ಣಲ್ಲೇ ಒಳಗೆ ಹೋಗೆಂದ. ಬಾಗಿಲು ಮುಚ್ಚಿತು. ಒಳಗಿನಿಂದ ಅಗಳಿ ಬಿದ್ದ ಸಪ್ಪಳ ಕೇಳಿಸಿತು. ಹಗಲು ಹೊತ್ತಿನಲ್ಲಿ ಮನೆಯ ಒಳಬಾಗಿಲಿಗೆ ಅಗಳಿ.

ಅಲ್ಲಾಉದ್ದೀನ ಕಪ್ಪು ಕೆಳಗಿಟ್ಟು ಮತ್ತೆ ಗಾಡಿಯ ಕೆಳಗೆ ತೂರಿಕೊಂಡ.

ಮೊದಲನೇ ನಟ್ಟಿಗೆ ಪಾನಾ ತೊಡಿಸಿ, ಪಾನಾದ ಹಿಡಿಗೆ ಮೊಳದುದ್ದದ ಕಬ್ಬಿಣದ ಪೈಪು ಸಿಗಿಸಿದ. ಸಡಿಲಿಸುವ ಮೊದಲು ಕೂದಲೆಳೆಯಷ್ಟು ಬಿಗಿಮಾಡಿದ. ಕಚ್ಚಿದ ನಟ್ಟನ್ನು ಮೊದಲು ಅದರ ಮನಸ್ಸಿನಂತೆಯೇ ತಿರುಗಿಸಬೇಕು, ಆಮೇಲೆ ನಮ್ಮ ಮನಸ್ಸಿಗೆ ಬರುತ್ತದೆ ಎಂದು ಪಲ್ಟನ್ನಿನ ಹಳೆಯ ಉಸ್ತಾದ ಹೇಳಿಕೊಟ್ಟಿದ್ದ. ಕಿರ್ರೆಂದು ನರಳಿ ಅದು ತಿರುಗಿತು.

ಎರಡನೆಯದು ಜಗ್ಗಲಿಲ್ಲ. ಒಂದು ಕಡೆ ಸುತ್ತಿಗೆ ಆನಿಸಿ ಇನ್ನೊಂದು ಕಡೆಯಿಂದ ಬಡಿದು ನೋಡಿದ. ಇಲ್ಲ. ಕೊನೆಗೆ ಇದ್ದಿಲ ಕೆಂಡದಲ್ಲಿ ಕೆಂಪಗೆ ಕಾಯಿಸಿದ ಕಬ್ಬಿಣದ ಗಟ್ಟಿಯನ್ನು ಇಕ್ಕಳದಿಂದ ಹಿಡಿದು ನಟ್ಟಿನ ಮೈಗೆ ಒತ್ತಿದ. ಎಣ್ಣೆ ಚುರ್ರೆಂದು ಹೊಗೆಯಾಯಿತು. ಕಾದ ನಟ್ಟು ಹಿಗ್ಗಿ ಪಾನಾಕ್ಕೆ ಬಗ್ಗಿತು.

ಮೂರನೆಯದು ಎಣ್ಣೆ ಕುಡಿದು, ಬೆಂಕಿ ಉಂಡು, ಅರ್ಧ ಸುತ್ತು ಬಂದು ಠಕ್ಕನೆ ಬೋಲ್ಟಿನ ಕುತ್ತಿಗೆಯಲ್ಲೇ ಮುರಿಯಿತು. ಪೈಪಿನ ಜೊತೆಗೆ ಅವನ ಕೈ ಹೋಗಿ ನೆಲಕ್ಕೆ ಅಪ್ಪಳಿಸಿ ಗೆಣ್ಣಿನ ಚರ್ಮ ಕಿತ್ತಿತು.

ಇನ್ನು ನಾಲ್ಕನೆಯದು. ಇದರ ಮೇಲೆ ಅವನು ತಾಸುಗಟ್ಟಲೆ ಕೂತ. ಪಾನಾ ಹಾಕಿದ, ತೆಗೆದ. ತಟ್ಟಿದ, ತಡೆದ. ಒಣ ನಟ್ಟು, ಜೋರು ಮಾಡಿದರೆ ಮೂರನೆಯದರ ಗತಿ. ಬೋಲ್ಟು ನಡುವೆ ಮುರಿದರೆ ಒಳಗಿನ ಉಪ್ಪು ಒಳಗೇ ಉಳಿದೀತು. ಚಾಣ ಇಟ್ಟು ನಟ್ಟನ್ನೇ ಸೀಳುವುದು ಒಂದೇ ದಾರಿ ಎಂದು ಅವನು ತೀರ್ಮಾನಕ್ಕೆ ಬರುವ ಹೊತ್ತಿಗೆ ಬಿಸಿಲು ಕೊಟ್ಟಿಗೆಯ ಹೊಸ್ತಿಲು ಬಿಟ್ಟು ಅಂಗಳಕ್ಕೆ ಸರಿದಿತ್ತು.

"ಅದಕ್ಕ ಯಾಕ ಎಣ್ಣಿ ಬಿಡಲಿಲ್ಲ?"

ದನಿ ತೀರ ಹತ್ತಿರದಿಂದ ಬಂತು. ಅಲ್ಲಾಉದ್ದೀನ ಹೊರಳಿ ನೋಡಿದ. ಸಾವುಕಾರ ಧೋತರ ಮಡಿಚಿ ನೆಲದ ಮೇಲೆ ಕುಕ್ಕರಗಾಲಿನಲ್ಲಿ ಕುಳಿತು ಗಾಲಿಯ ಸಂದಿಯಿಂದ ಅವನನ್ನೇ ನೋಡುತ್ತಿದ್ದ. ಎಷ್ಟು ಹೊತ್ತಿನಿಂದ ಕೂತಿದ್ದನೋ.

"ಎಣ್ಣಿ ಬ್ಯಾಡ್ರಿ ಇದಕ್ಕ. ಚಾಣ ಹೊಡದ್ರ ಆತು."

"ಮೂರಕ್ಕ ಬೇಕಾತು, ನಾಕನೇದಕ್ಕ ಬ್ಯಾಡಾತು?"

"ಮೂರನೇದು ಎಣ್ಣಿ ಕುಡದೂ ಮುರೀತಲ್ರಿ."

"ನೀ ನಾಲಿಗಿಗೆ ಹಚ್ಚಿಕೊಂಡು ನೋಡಿದ್ದೂ ಅದನ್ನ ಹೌದಿಲ್ಲೊ?"

ಸಾವುಕಾರ ತಲೆ ಎತ್ತದೆ ಕೂಗಿದ.

"ಪರಸ್ಯಾ, ಎಣ್ಣಿ ಡಬ್ಬಿ ತಾ."

ಬರಿಗಾಲು ಧಡಧಡ ಓಡಿತು. ಇನ್ನು ತಡಮಾಡುವಂತಿರಲಿಲ್ಲ. ಅಲ್ಲಾಉದ್ದೀನ ಚಾಣವನ್ನು ನಟ್ಟಿನ ಮೈಗೆ ನೆಟ್ಟಗೆ ಆನಿಸಿ ಸುತ್ತಿಗೆ ಎತ್ತಿದ. ಮೊದಲ ಪೆಟ್ಟಿಗೆ ಗೆರೆ ಬಿತ್ತು. ಎರಡನೆಯದಕ್ಕೆ ಚಾಣ ಜಾರಿತು. ಪರಸಪ್ಪ ಆ ಬದಿಯಿಂದ ಕೈ ತೂರಿಸಿ ಡಬ್ಬಿ ಬಗ್ಗಿಸುತ್ತಿದ್ದ. ಮೂರನೇ ಪೆಟ್ಟಿಗೆ ನಟ್ಟು ಶೇಂಗಾದ ಹಾಗೆ ಎರಡು ಹೋಳಾಯಿತು. ಸುರಿದ ಎಣ್ಣೆ ಅವನ ಮುಂಗೈ ಮೇಲೆ ಹರಿಯಿತು. ಒಂದು ಹೋಳು ಅಷ್ಟರಲ್ಲಿ ಅವನ ಇನ್ನೊಂದು ಮುಷ್ಟಿಯೊಳಗೆ ಸೇರಿತ್ತು.

"ಹೊರಗ ಬಾ," ಎಂದ ಸಾವುಕಾರ.

ಅವನು ಬಂದ. ಪರಸಪ್ಪ ಕೊಟ್ಟಿಗೆಯ ಬಾಗಿಲು ಹಾಕಿ ಅದಕ್ಕೆ ಬೆನ್ನು ಕೊಟ್ಟು ನಿಂತ.

"ಕೈ ಬಿಚ್ಚು."

"ಬಿಚ್ಚೂದಿಲ್ರಿ."

"ನನ್ನ ಮನ್ಯಾಗ ನಿಂತು ನನಗ ಇಲ್ಲ ಅಂತೀ?"

"ಅಂತೀನ್ರಿ," ಎಂದ ಅಲ್ಲಾಉದ್ದೀನ. "ಈ ಗಾಡಿ ಪಂಚಮಿಯಿಂದ ನಿಂತಿಲ್ರಿ. ಇದು ಡೋಣ್ಯಾಗ ನಿಂತಿತ್ತು. ಡೋಣಿ ಉಪ್ಪು ನನ್ನ ಕೈಯಾಗೈತಿ. ಬಾಯಾರ ಕೈಯಾಗ ಬಜಿ ವಾಸನಿ ಐತಿ. ಮಲಕವ್ವನ ಏನ ಮಾಡೀರಿ?"

ಸಾವುಕಾರ ಪರಸಪ್ಪನ ಮುಖ ನೋಡಿದ.

"ಹೇಳ್ರಿ, ಸಾವುಕಾರ್ರ. ಹೊಳ್ಯಾಗ ಒಗದ್ರೇನು? ಇಲ್ಲಾ ಈ ಕೊಟಗ್ಯಾಗ ಹುಗದೀರೇನು? ಆಕಿ ನನ್ನ ಕೂಸಿನ ಜೀವ ಉಳಿಸಿದಾಕಿ. ನಾ ಕೇಳಾವನ."

"ಕೇಳಾಕ ನಿನ್ನ ಯಾರು ಕಳಿಸ್ಯಾರ?"

"ಯಾರ ಕಳಿಸೂದೂ ಬೇಕಾಗಿಲ್ಲ."

"ಅಮರಪ್ಪ ಕಳಿಸ್ಯಾನ. ಫೌಜದಾರ."

ಅಲ್ಲಾಉದ್ದೀನ ಕಣ್ಣು ತಪ್ಪಿಸಿದ. ಅದೇ ಉತ್ತರವಾಯಿತು.

ಸಾವುಕಾರ ಸಿಟ್ಟಿಗೇಳುತ್ತಾನೆ, ಪರಸಪ್ಪನಿಗೆ ಸನ್ನೆ ಮಾಡುತ್ತಾನೆ ಎಂದು ಅವನು ಮೈ ಬಿಗಿಹಿಡಿದು ನಿಂತಿದ್ದ. ಹಾಗಾಗಲಿಲ್ಲ. ಸಾವುಕಾರನ ಮುಖದಲ್ಲಿ ಮೂಡಿದ್ದು ಸಿಟ್ಟಲ್ಲ, ಭಯ. ಐವತ್ತು ವರ್ಷದ, ಮೀಸೆ ನರೆತ ಆ ದೊಡ್ಡ ಮನುಷ್ಯ ಗಾಡಿಯ ಮಡ್ಗಾರ್ಡಿಗೆ ಕೈಯೂರಿ ನಿಂತುಕೊಂಡ.

"ಗೊತ್ತಾತೇನಲೇ ಪರಸ್ಯಾ? ಫೌಜದಾರಗ ಸಂಶೇ ಬಂದೈತಿ," ಎಂದ. ಆಮೇಲೆ ಒಳಬಾಗಿಲಿನ ಕಡೆ ತಿರುಗಿ ಕರೆದ. "ನೀಲಾ, ಆಕೀನ ಕರಕೊಂಡು ಬಾ."

ಅಗಳಿ ಸರಿಯಿತು.

ಮೊದಲು ಬಂದದ್ದು ಬಜೆಯ ವಾಸನೆ. ಅದರ ಹಿಂದೆ ನೀಲಾಬಾಯಿಯ ಭುಜ ಹಿಡಿದುಕೊಂಡು, ಒಂದು ಕಾಲು ಎಳೆಯುತ್ತ, ಮಲಕವ್ವ.

ಅಲ್ಲಾಉದ್ದೀನನ ಮುಷ್ಟಿ ತಾನಾಗಿ ಬಿಚ್ಚಿತು. ನಟ್ಟಿನ ಹೋಳು ನೆಲಕ್ಕೆ ಬಿತ್ತು. ಅವನು ಎತ್ತಿಕೊಳ್ಳಲಿಲ್ಲ.

"ಅವ್ವಾ…"

"ಹಾಜಿರಾಬಿ ಗಂಡ ಅಲ್ಲೇನು ನೀ?" ಮುದುಕಿ ಕಣ್ಣು ಕಿರಿದು ಮಾಡಿ ನೋಡಿದಳು. "ಯಪ್ಪಾ, ನೀ ಆ ಫೌಜದಾರಗ ಏನೂ ಹೇಳಿಲ್ಲ ಹೌದಿಲ್ಲೋ? ಏನೂ ಹೇಳಬ್ಯಾಡಪಾ ನಿನ್ನ ಕಾಲಿಗೆ ಬೀಳ್ತೀನಿ."

"ಅಂವ ನಿನ್ನನ್ನ ಹುಡುಕಾಕತ್ತಾನ ಬೇ. ಒಂಬತ್ತು ದಿನದಿಂದ ಹುಡುಕಾಕತ್ತಾನ."

"ಹುಡುಕದ ಏನ ಮಾಡ್ಯಾನು?" ಎಂದಳು ಮಲಕವ್ವ. "ಅವತ್ತು ನನ್ನ ಕರಿಯಾಕ ಚಕ್ಕಡಿ ಕಳಿಸಿದಾವ ಅವನ."

ಆಕೆ ನಿಂತಲ್ಲೇ, ನಾಲ್ಕು ಮಾತಿನಲ್ಲಿ ಹೇಳಿದಳು. ಡೋಣಿ ದಂಡೆಯ ತೋಟದ ಮನೆ. ಒಳಗೆ ಹದಿನೇಳು ತುಂಬದ ಒಂದು ಹುಡುಗಿ. ಎಲ್ಲಿಯವಳೋ, ಯಾರ ಮಗಳೋ, ಕೇಳಲು ಯಾರೂ ಬಿಡಲಿಲ್ಲ. ಗಂಡು ಹುಟ್ಟಿತು. ತಾಯಿ ಉಳಿಯಲಿಲ್ಲ. ಪ್ರಾಣ ಬಿಡುವ ಮೊದಲು ಆಕೆ ಸೂಲಗಿತ್ತಿಯ ಕಿವಿಗೆ ಬಾಯಿಟ್ಟು ಕೂಸಿನ ಅಪ್ಪನ ಹೆಸರು ಹೇಳಿದಳು. ಆ ಹೆಸರಿನವನು ಹೊರಗೆ ಕಟ್ಟೆಯ ಮೇಲೆ ಬೂಟು ಹಾಕಿಕೊಂಡು ಕೂತಿದ್ದ.

"'ಕೂಸನ್ನ ಹೊಳಿಗೆ ಬಿಟ್ಟು ಬಾ, ಆಮ್ಯಾಲ ನಿನ್ನ ಊರಿಗೆ ಮುಟ್ಟಸ್ತೀನಿ' ಅಂದ. ಹೂಂ ಅಂದೆ. ಕೂಸನ್ನ ಉಡ್ಯಾಗ ಕಟಗೊಂಡು ಹೊಳಿಗೆ ಇಳದೆ. ಇಳದಾಕಿ ಓಡೇ ಓಡಿದೆ. ಹಿಂದ ಕುದುರಿ ಬಂತು. ಮುಂದ ಇವರ ಮೋಟಾರ ಹೊಳಿ ದಾಟಾಕತ್ತಿತ್ತು."

"ಬಬಲೇಶ್ವರದಿಂದ ಬರಾಕತ್ತಿದ್ವಿ," ಎಂದ ಸಾವುಕಾರ. "ನೀರಾಗಿಂದ ಒಂದು ಮುದುಕಿ ಕೂಸ ಎತ್ತಿ ಹಿಡಕೊಂಡು ಕೈಮಾಡಿದ್ಲು. ಪರಸ್ಯಾ ಗಾಡಿ ತಿರುವ್ಯಾನ, ಬಲಗಾಲಿ ಬಂಡೆಗಲ್ಲಿನ ಮ್ಯಾಲ ಏರಿ ಪಾಟಾ ಮುರೀತು. ಕತ್ತಲಾಗಿತ್ತು, ಕುದುರಿಯಾವಗ ನಾವು ಕಾಣಲಿಲ್ಲ. ಮುರಿದ ಗಾಡೀನ್ನ ಹಂಗ ಎಳಕೊಂಡು ಬಂದ್ವಿ. ಈಕಿ ಕಾಲು ಅಲ್ಲೇ ಉಳುಕೈತಿ."

"ಹಂಗಾದ್ರ ದೊಡ್ಡ ಸಾಹೇಬ್ರಿಗೆ ಹೇಳಬೇಕಾಗಿತ್ರಿ! ಕಲೆಕ್ಟರ ಅದಾರ…"

"ಹೆಂಗ ಹೇಳ್ಲಿ? ವಿಜಾಪುರದ ಹಾದ್ಯಾಗ ನಾಕು ಕಡೆ ಅವನ ಮಂದಿ ನಿಂತಾರ. ಚಕ್ಕಡಿ ತಡದು ಹುಲ್ಲಿನ್ಯಾಗ ಕೋಲು ಚುಚ್ಚಿ ನೋಡ್ತಾರ. ಕಾಗದ ಬರದ್ರ ಕಾಗದ ಅವನ ಕೈ ಸೇರತೈತಿ. ಈ ಮೋಟಾರ ಒಂದ ದಾರಿ. ಹನ್ನೆರಡು ಮೈಲು, ಎಲ್ಲೂ ನಿಲ್ಲಸದ ಹೊಡಕೊಂಡು ಹೋಗಿ ಈಕಿನ್ನ, ಕೂಸನ್ನ ಕಲೆಕ್ಟರ ಬಂಗಲೇದ ಮುಂದ ಇಳಸಬೇಕು. ಅದಕ್ಕ ನಿನಗ ಸಂಜಿಯೊಳಗ ಅಂದದ್ದು." ಸಾವುಕಾರ ನೆಲದ ಮೇಲೆ ಬಿದ್ದ ನಟ್ಟಿನ ಹೋಳನ್ನು ನೋಡಿದ. "ನೀ ಅದೊಂದು ನಟ್ಟಿನ ಸಲುವಾಗಿ ಎರಡು ತಾಸು ಕಳದಿ."

ಅಲ್ಲಾಉದ್ದೀನನಿಗೆ ಮುಖ ಎಲ್ಲಿಡಬೇಕೆಂದು ತಿಳಿಯಲಿಲ್ಲ. ಜಾಕಿನ ಮೇಲೆ ಎತ್ತಿ ನಿಲ್ಲಿಸಿದ ಗಾಡಿ ಒಂದು ಕಾಲು ಕಳೆದುಕೊಂಡ ಎತ್ತಿನಂತೆ ನಿಂತಿತ್ತು. ಅವನು ವಿಜಾಪುರದಿಂದ ತಂದ ಹೊಸ ಪಾಟಾ ಗೋಡೆಗೆ ಒರಗಿತ್ತು. ಹಳೆಯ ಪಾಟಾ ಅಚ್ಚಿನಿಂದ ಬಿಟ್ಟಿತ್ತು, ಹೊರಗೆ ಬಂದಿರಲಿಲ್ಲ. ಅದರ ಎರಡು ತುದಿಯ ಪಿನ್ನುಗಳು ಇನ್ನೂ ಒಳಗೇ ಇದ್ದವು.

"ಒಂದು ತಾಸು ಕೊಡ್ರಿ," ಎಂದು ಅವನು ಸುತ್ತಿಗೆ ಎತ್ತಿಕೊಂಡ. "ಬರೇ ಒಂದು ತಾಸು. ಪರಸಪ್ಪ, ಎಣ್ಣಿ ಡಬ್ಬಿ ತಗೊ. ಎಲ್ಲಾದಕ್ಕೂ ಸುರಿ ಈಗ."

ಹಿಂದಿನ ಪಿನ್ನು ಆರು ಪೆಟ್ಟಿಗೆ ಹೊರಬಿತ್ತು. ಮುಂದಿನದಕ್ಕೆ ಅವನು ಕಬ್ಬಿಣದ ಸರಳಿನ ತುಂಡು ಆನಿಸಿ ಎರಡು ಪೆಟ್ಟು ಹೊಡೆದಿರಬಹುದು. ಅಂಗಳದ ಆಚೆ, ಅಗಸೆಬಾಗಿಲ ಕಲ್ಲುಹಾಸಿನ ಮೇಲೆ, ಕುದುರೆಯ ಲಾಳದ ಸಪ್ಪಳ ಕೇಳಿಸಿತು.

ಪರಸಪ್ಪ ಬಾಗಿಲ ಬಿರುಕಿನಿಂದ ನೋಡಿ ತಿರುಗಿದ.

"ಫೌಜದಾರ್ರೀ."

ನೀಲಾಬಾಯಿ ಮುದುಕಿಯನ್ನು ಎಳೆದುಕೊಂಡು ಒಳಗೆ ಹೋದಳು. ಅಗಳಿ ಬಿತ್ತು. ಸಾವುಕಾರ ಧೋತರ ಕೊಡವಿ ಬಾಗಿಲಿಗೆ ನಡೆದ. ಅವನ ನಡಿಗೆಯಲ್ಲಿ ಈಗ ಅವಸರವಿರಲಿಲ್ಲ.

"ಬರ್ರಿ ಫೌಜದಾರ್ರ. ಹುಕುಂ ತಂದೀರೇನು?"

"ಹುಕುಂ ಯಾಕ್ರಿ?" ಅಮರಪ್ಪ ನಗುನಗುತ್ತ ಒಳಗೆ ಬಂದ. "ನಮ್ಮ ಮಿಸ್ತ್ರಿ ಬಂದಾನಂತ. ಮನಿಗೆ ಹೊಂಟಿದ್ರ ಕೂಡಿ ಹೋಗೂಣಂತ ಬಂದೆ. ಏನೋ ಅಲ್ಲಾಉದ್ದೀನ, ಏನರ ಸಿಕ್ಕಿತೋ?"

ಆ ಗಳಿಗೆಯಲ್ಲಿ ಗೋಡೆಯ ಆಚೆ ಕೂಸು ಒಮ್ಮೆ ಕುಂಯ್ ಎಂದಿತು.

ಅಲ್ಲಾಉದ್ದೀನ ಸುತ್ತಿಗೆ ಬೀಸಿದ. ಕಬ್ಬಿಣಕ್ಕೆ ಕಬ್ಬಿಣ ಬಡಿದ ಸಪ್ಪಳಕ್ಕೆ ಕೊಟ್ಟಿಗೆ ಗುಂಯ್ಗುಟ್ಟಿತು. "ಕೇಳ್ಸವಲ್ದ್ರಿ ಸಾಹೇಬ್ರ! ಪಿನ್ನು ಕಚ್ಚೈತ್ರಿ!" ಎಂದು ಕೂಗಿ ಮತ್ತೆ ಹೊಡೆದ, ಮತ್ತೆ ಹೊಡೆದ. ಪೆಟ್ಟು ಪೆಟ್ಟಿನ ನಡುವೆ ಅಳು ಎಳೆಯಾಗಿ ಏರುತ್ತಿತ್ತು. ಅವನು ನಡುವಿನ ಬಿಡುವನ್ನು ಕಿರಿದು ಮಾಡಿದ.

ಪಿನ್ನು ಸರಿಯತೊಡಗಿತು.

ಮುಂಜಾನೆಯಿಂದ ಬಿಡು ಬಿಡು ಎಂದು ಬೇಡಿಕೊಂಡ ಕಬ್ಬಿಣಕ್ಕೆ ಈಗ ಅವನು ಬಿಡಬೇಡ ಎಂದು ಮನಸ್ಸಿನಲ್ಲೇ ಕೈಮುಗಿದ. ಇನ್ನು ಮೂರು ಪೆಟ್ಟಿಗೆ ಅದು ಉದುರುತ್ತದೆ. ಉದುರಿದ ಮೇಲೆ ಹೊಡೆಯುವುದಕ್ಕೆ ಏನೂ ಉಳಿಯುವುದಿಲ್ಲ. ಎರಡು. ಒಂದು.

ಪಿನ್ನು ನೆಲಕ್ಕೆ ಬಿದ್ದು ಉರುಳಿ ಅಮರಪ್ಪನ ಬೂಟಿಗೆ ತಾಗಿ ನಿಂತಿತು.

ಕೂಸು ಗಂಟಲು ಬಿಟ್ಟು ಅಳುತ್ತಿತ್ತು.

ಫೌಜದಾರ ತಲೆ ಒಂದು ಬದಿಗೆ ವಾಲಿಸಿ ಕೇಳಿದ. ಸಾವುಕಾರನ ಕಡೆ ನೋಡಿದ. ಮಕ್ಕಳಿಲ್ಲದ ಮನೆಯ ಒಳಬಾಗಿಲಿನ ಕಡೆ ಒಂದು ಹೆಜ್ಜೆ ಇಟ್ಟ. ಅವನು ಇನ್ನೊಂದು ಹೆಜ್ಜೆ ಇಡುವ ಮೊದಲೇ ಬಾಗಿಲು ತಾನಾಗಿ ತೆರೆಯಿತು.

ನೀಲಾಬಾಯಿ ಹೊಸ್ತಿಲಲ್ಲಿ ನಿಂತಿದ್ದಳು. ತಲೆಯ ಮೇಲೆ ಸೆರಗು. ತೋಳಿನಲ್ಲಿ ಕೆಂಪು ಕುಲಾಯಿಯ ಕೂಸು. ಮಲಕವ್ವನ ಸುಳಿವಿರಲಿಲ್ಲ.

"ನಮ್ಮ ಕೂಸ್ರಿ, ಫೌಜದಾರ್ರ," ಎಂದಳು ಆಕೆ. ದನಿಯಲ್ಲಿ ಒಂದೂ ಬಿರುಕಿಲ್ಲ. "ಊರಿಗಿನ್ನೂ ಹೇಳಿಲ್ಲ. ದೃಷ್ಟಿ ಆಗತೈತಿ ಅಂತ."

ಅಮರಪ್ಪ ಬಹಳ ಹೊತ್ತು ಆ ಪುಟ್ಟ ಮುಖವನ್ನು ನೋಡಿದ. ಆಮೇಲೆ ಕೈಯಲ್ಲಿದ್ದ ಬೆತ್ತವನ್ನು ಕಂಕುಳಿಗೆ ಸಿಗಿಸಿಕೊಂಡು ಎರಡೂ ತೋಳು ಮುಂದೆ ಚಾಚಿದ.

"ಚಲೋ ಆತಲ್ರಿ," ಎಂದ. "ಕೊಡ್ರಿ ಇಲ್ಲೆ. ನಾನೂ ಒಮ್ಮೆ ಎತ್ತಿಕೋತೀನಿ."